ಆ ಬೆಳಿಗ್ಗೆ ಕಾರು ಯಾಕೆ ಸ್ಟಾರ್ಟ್ ಆಗಲಿಲ್ಲ

ಮಾರ್ಚ್ 3

ಅಕ್ಕಾ,

ಹರಿದು ಹಾಕುವ ಮುಂಚೆ ನಾಲ್ಕು ಸಾಲು ಓದು. ನನ್ನ ನಂಬರನ್ನೇ ಬ್ಲಾಕ್ ಮಾಡಿ ಕೂತಿದ್ದೀಯ. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕಾಲಿನ ಹಾಗಿದೆ ಅಂತ ಬೈಯಬೇಡ, ಗ್ಯಾರೇಜಿನ ಮೇಜಿನ ಮೇಲೆ ಬರೆಯುತ್ತಿದ್ದೇನೆ, ಪಕ್ಕದಲ್ಲಿ ಯಾರೋ ಸುತ್ತಿಗೆ ಬಡಿಯುತ್ತಿದ್ದಾರೆ.

ಅಮ್ಮನಿಗೆ ಸ್ಟ್ರೋಕ್ ಆಗಿ ನಾಳೆಗೆ ಆರು ತಿಂಗಳು. ಆಸ್ಪತ್ರೆಯ ವರಾಂಡದಲ್ಲಿ ನೀನು ಅಂದ ಮಾತು ಇನ್ನೂ ಕಿವಿಯಲ್ಲೇ ಇದೆ. "ನಿನ್ನ ಕೈ ಇನ್ಮೇಲೆ ಈ ಮನೇದು ಏನನ್ನೂ ಮುಟ್ಟಬಾರದು. ಕಾರನ್ನೂ ಅಷ್ಟೇ, ಅಮ್ಮನ್ನೂ ಅಷ್ಟೇ." ನಾನು ಹಾಗೇ ಹೋಗಿ ಬಸ್ಸು ಹತ್ತಿದೆ. ಆಮೇಲೆ ಎರಡು ಸಲ ಬಂದೆ. ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬಂದವಳಿಗೆ ನೀನು ಬಾಗಿಲು ತೆಗೆಯಲಿಲ್ಲ. ಒಳಗೆ ಅಮ್ಮ ಕೆಮ್ಮಿದ್ದು ಕೇಳಿಸಿತು. ಆ ಕೆಮ್ಮು ಕೇಳಿಕೊಂಡು ವಾಪಸ್ ಹೋಗುವುದಿದೆಯಲ್ಲ, ಅದು ಯಾರಿಗೂ ಬೇಡ.

ನಾನು ಕ್ಷಮೆ ಕೇಳಲು ಬರೆಯುತ್ತಿಲ್ಲ. ಒಂದು ವಿಷಯ ಸ್ಪಷ್ಟ ಮಾಡಬೇಕು. ಆಕ್ಸಿಜನ್ ಸೆನ್ಸರ್ ಕೆಟ್ಟಿದ್ದಕ್ಕೇ ಆ ದಿನ ಕಾರು ಸ್ಟಾರ್ಟ್ ಆಗಲಿಲ್ಲ, ಅದನ್ನು ನಾನು ಬದಲಾಯಿಸದೆ ಬಿಟ್ಟೆ ಅಂತ ನೀನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೀಯ. ಅದು ಹಾಗಲ್ಲ. ಆ ಸೆನ್ಸರ್ ಇರುವುದು ಸೈಲೆನ್ಸರ್ ಪೈಪಿನಲ್ಲಿ. ಹೊರಗೆ ಹೋಗುವ ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಅಂತ ನೋಡಿ ಕಾರಿನ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ, ಅದು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ, ಅಷ್ಟೇ. ತಣ್ಣಗಿರುವ ಸೆನ್ಸರ್ ಏನು ಹೇಳಿದರೂ ಕಂಪ್ಯೂಟರ್ ಕಿವಿಗೇ ಹಾಕಿಕೊಳ್ಳುವುದಿಲ್ಲ. ಬೆಳಿಗ್ಗೆ ಕೀ ತಿರುಗಿಸಿದಾಗ ಅದು ತಣ್ಣಗೇ ಇರುತ್ತದೆ. ಅಂದಮೇಲೆ ಕೆಟ್ಟ ಸೆನ್ಸರ್ ಇಟ್ಟುಕೊಂಡೂ ಕಾರು ಸ್ಟಾರ್ಟ್ ಆಗುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಮುನಿಸಿಕೊಂಡು ಓಡುತ್ತದೆ. ಆದರೆ ಓಡುತ್ತದೆ.

ನನಗೆ ಅಮ್ಮನನ್ನು ನೋಡಬೇಕು, ಅಕ್ಕಾ. ಅದಕ್ಕೇ ಇಷ್ಟೆಲ್ಲ.

ಇಂತಿ,
ತಂಗಿ


ಮಾರ್ಚ್ 19

ಚಿಣ್ಣಿ,

ಪತ್ರ ಬಂತು. ಹರಿಯಲಿಲ್ಲ.

ನಿನ್ನ ಪಾಠ ಅರ್ಥವಾಯಿತು. ಕೆಟ್ಟ ಸೆನ್ಸರ್ ಇಟ್ಟುಕೊಂಡೂ ಕಾರು ಸ್ಟಾರ್ಟ್ ಆಗುತ್ತದೆ. ಒಳ್ಳೆಯದು. ಆಗಲಿಲ್ಲವಲ್ಲ, ಅದಕ್ಕೇನು ಹೇಳುತ್ತೀಯ?

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಆ ಹಳದಿ ಎಚ್ಚರಿಕೆ ಲೈಟು ಹತ್ತಿದಾಗ ನೀನೇ ಬಂದು ಕಾರಿನ ಕೆಳಗೆ ಮಲಗಿ ಏನೇನೋ ಬಿಚ್ಚಿದೆ, ಹಾಕಿದೆ. "ಎಲ್ಲಾ ಸರಿ ಹೋಯ್ತು" ಅಂದೆ. ನೀನು ಹೋದ ಎಂಟನೇ ದಿನಕ್ಕೆ ಲೈಟು ಮತ್ತೆ ಹತ್ತಿತು. ನಾನು ಫೋನ್ ಮಾಡಿ ಕೇಳಿದೆ. ನೀನು ನಕ್ಕು ಏನಂದೆ, ನೆನಪಿದೆಯಾ? "ಅಕ್ಕಾ, ಅಷ್ಟು ಕಣ್ಣು ಕುಕ್ಕಿದ್ರೆ ಆ ಲೈಟಿನ ಮೇಲೊಂದು ಸ್ಟಿಕ್ಕರ್ ಅಂಟಿಸಿಬಿಡು." ಎರಡು ದಿನ ಬಿಟ್ಟು ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಕುಸಿದಳು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ನಾನು ಅವಳನ್ನು ಹೇಗೋ ಎಳೆದುಕೊಂಡು ಕಾರಿಗೆ ಹಾಕಿ ಕೀ ತಿರುಗಿಸಿದೆ. ಒಂದೇ ಒಂದು ಸಲ ಗುರ್ರ್ ಅಂದು ನಿಂತಿತು. ಆಮೇಲೆ ಎಷ್ಟು ತಿರುಗಿಸಿದರೂ ಇಲ್ಲ. ಸ್ವಲ್ಪ ಬೇಗ ಕರೆದುಕೊಂಡು ಬಂದಿದ್ದರೆ ಮಾತು ಉಳಿಯುತ್ತಿತ್ತು ಅಂದರು ಡಾಕ್ಟರು.

ಮೂವತ್ತು ವರ್ಷ ಈ ಊರಿನ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದವಳು ಅಮ್ಮ. ಪಕ್ಕದ ಸೀಟಿನಲ್ಲಿ ಕೂತು ಅವಳು ಗದರುವುದು ಎರಡು ಬೀದಿಗೆ ಕೇಳುತ್ತಿತ್ತು. ಈಗ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನಾನು ಒಂದು ಗುಂಡಿ ಹೊಲಿದು ಮುಗಿಸಬಹುದು. ಕೋಲು ಹಿಡಿದು ಬಚ್ಚಲಿನವರೆಗೆ ನಡೆಯುತ್ತಾಳೆ. ಬಲಗೈ ಇನ್ನೂ ಮಡಿಲಲ್ಲೇ ಇರುತ್ತದೆ.

ಕಾರು ಶೆಡ್ಡಿನಲ್ಲಿದೆ. ಅವತ್ತಿನಿಂದ ಬೀಗ. ಯಾರಿಗೂ ಮುಟ್ಟಲು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಅಕ್ಕ


ಮಾರ್ಚ್ 27

ಅಕ್ಕಾ,

ಸ್ಟಿಕ್ಕರಿನ ಮಾತು ನೆನಪಿದೆ. ಹಾಳು ಬಾಯಿ ನನ್ನದು. ಅದೊಂದಕ್ಕೆ ಕ್ಷಮಿಸು. ದಿನಾ ಹತ್ತು ಜನ ಅದೇ ಲೈಟು ಹಿಡಿದುಕೊಂಡು ಅಳುತ್ತಾ ಬರುತ್ತಾರೆ, ಅವರಿಗೂ ಅದನ್ನೇ ಹೇಳಿ ಹೇಳಿ ರೂಢಿಯಾಗಿಬಿಟ್ಟಿದೆ. ಕೇಳುತ್ತಿರುವವಳು ನೀನು ಅನ್ನುವುದನ್ನು ಮರೆತೆ.

ಆದರೆ ನಿನ್ನ ಪತ್ರದಲ್ಲಿ ಒಂದು ಮಾತು ಓದಿ ಎದ್ದು ಕೂತೆ. "ಒಂದೇ ಒಂದು ಸಲ ಗುರ್ರ್ ಅಂದು ನಿಂತಿತು." ಇದನ್ನು ನೀನು ಇದುವರೆಗೆ ಹೇಳಿರಲಿಲ್ಲ. ಅಂದರೆ ಎಂಜಿನ್ ಹತ್ತಿತ್ತು, ಆಮೇಲೆ ಏನೋ ಆಯಿತು. ಅದು ಏನು ಅಂತ ಆ ಕಾರಿನಲ್ಲೇ ಇದೆ. ಆರು ತಿಂಗಳಿಂದ ಯಾರೂ ಮುಟ್ಟಿಲ್ಲ ಅಂದೆಯಲ್ಲ, ಒಳ್ಳೆಯದೇ ಆಯಿತು.

ನಾನು ಮುಟ್ಟುವುದಿಲ್ಲ. ನೀನು ಮುಟ್ಟು. ನನ್ನ ಬಾಯಿ, ನಿನ್ನ ಕೈ. ನಮ್ಮ ಗ್ಯಾರೇಜಿನ ಹಿರಿಯ ಮೇಸ್ತ್ರಿಯದೊಂದು ನಿಯಮವಿದೆ. ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಮೆಷಿನ್ನು ಚುಚ್ಚುವ ಮುಂಚೆ ಎಲ್ಲರೂ ಬಾಯಿ ಮುಚ್ಚಿಕೊಂಡು ಒಂದು ಸಲ ಕೀ ತಿರುಗಿಸಿ ಕೇಳಬೇಕು. ಅವತ್ತು ನಾನು ನಿನ್ನ ಕಾರಿಗೆ ಸೀದಾ ಮೆಷಿನ್ ಚುಚ್ಚಿದ್ದೆ, ಆತುರಗೆಟ್ಟವಳು. ಈಗ ನೀನು ಕೇಳು. ಕೀಯನ್ನು ಅರ್ಧ ಮಾತ್ರ ತಿರುಗಿಸು, ಸೆಲ್ಫ್ ಹೊಡೆಯಬೇಡ. ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡು ಜುಂಯ್ ಅಂತ ಸದ್ದು ಬರಬೇಕು. ಅದು ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪು. ಬಂತೋ ಇಲ್ಲವೋ ನೋಡು. ಆಮೇಲೆ ಬಾನೆಟ್ ತೆಗೆದು ಫ್ಯೂಸ್ ಡಬ್ಬಿ ನೋಡು. ಒಂದೊಂದನ್ನೂ ಬೆಳಕಿಗೆ ಹಿಡಿ. ಒಳಗಿನ ತಂತಿ ತುಂಡಾಗಿದ್ದರೆ ಸೂಜಿಗೆ ದಾರ ಪೋಣಿಸುವವಳಿಗೆ ಕಾಣದೇ ಇರುತ್ತದೆಯೇ?

ಆದರೆ ಬ್ಯಾಟರಿ ಸತ್ತಿರುತ್ತದೆ. ಚಾರ್ಜ್ ಮಾಡಬೇಕು. ಚಾರ್ಜರ್ ಇರುವುದು ಎದುರುಮನೆಯ ಗೇಟುರಾಯರ ಹತ್ತಿರ. ಗೊತ್ತು, ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸಿದರು ಅಂತ ಎರಡು ವರ್ಷದಿಂದ ಅವರ ಜೊತೆ ಮಾತು ಬಿಟ್ಟಿದ್ದೀಯ, ಈ ಅಡ್ಡಹೆಸರೂ ನೀನೇ ಇಟ್ಟಿದ್ದು. ಅಮ್ಮನಿಗೋಸ್ಕರ ಒಂದು ಸಲ ಹೋಗು.

ಅಮ್ಮನಿಗೆ ನಾನು ಕೇಳಿದೆ ಅಂತ ಹೇಳುತ್ತೀಯಾ?

ಇಂತಿ,
ಚಿಣ್ಣಿ


ಏಪ್ರಿಲ್ 20

ಚಿಣ್ಣಿ,

ತಡವಾಯಿತು. ಶಾಲೆ ಯೂನಿಫಾರ್ಮಿನ ಹೊಲಿಗೆ ತಲೆಯ ಮಟ್ಟಕ್ಕೆ ಬಂದಿತ್ತು ಅಂತ ಬರೆಯಬಹುದು. ಹಾಗೇನಿಲ್ಲ. ಎದುರುಮನೆಯ ಬಾಗಿಲು ತಟ್ಟಲು ಹದಿನೈದು ದಿನ ಬೇಕಾಯಿತು.

ಚಾರ್ಜರ್ ಕೊಟ್ಟರು. ಶೆಡ್ಡಿಗೆ ತಂದು ಅವರೇ ಜೋಡಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು ಏನೋ ಕೇಳಿದರು. ನಾನು ಬ್ಯಾಟರಿಯ ಕಡೆ ತಿರುಗಿಕೊಂಡೆ.

ಕೀ ಅರ್ಧ ತಿರುಗಿಸಿದೆ. ಜುಂಯ್ ಅನ್ನಲಿಲ್ಲ. ಮೂರು ಸಲ ಕೇಳಿದೆ, ಫ್ಯಾನ್ ನಿಲ್ಲಿಸಿ, ಹಿಂದಿನ ಸೀಟಿಗೆ ಕಿವಿ ಇಟ್ಟು. ಸೆಲ್ಫ್ ಹೊಡೆದರೆ ಮಾತ್ರ ಎಂಜಿನ್ ಧಾರಾಳವಾಗಿ ತಿರುಗುತ್ತದೆ, ಹತ್ತುವುದಿಲ್ಲ. ಆ ಸದ್ದು ಕೇಳಿ ಒಳಗಿಂದ ಅಮ್ಮ ಕೂಗಿದಳು. ಓಡಿ ಹೋದೆ. ನಿದ್ದೆಯಿಂದ ಎದ್ದವಳ ಮುಖ ಬಿಳಿಚಿಕೊಂಡಿತ್ತು, ಅವತ್ತು ಬೆಳಿಗ್ಗೆ ಕೇಳಿದ್ದೂ ಇದೇ ಸದ್ದಲ್ಲವೇ. ಇನ್ನು ಅವಳು ಮಲಗಿದಾಗ ಈ ಕೆಲಸ ಮಾಡಬಾರದು.

ಫ್ಯೂಸುಗಳಲ್ಲಿ ಒಂದು ಸುಟ್ಟಿದೆ. ಮುಚ್ಚಳದ ಒಳಗಿನ ಚಿತ್ರದಲ್ಲಿ ಅದರ ಮುಂದೆ ಒಂದು ಪಂಪಿನ ಗುರುತಿದೆ, ಅದರ ಪಕ್ಕದಲ್ಲಿ ಇಂಗ್ಲಿಷಿನ ಓ ಅಕ್ಷರ ಬರೆದು ಮುಂದೆ ಎರಡು ಅಂತ ಅಂಕಿ ಇದೆ. ಹೊಸ ಫ್ಯೂಸ್ ಹಾಕಲಾ?

ನೀನು ಕೇಳಿದೆ ಅಂತ ಅಮ್ಮನಿಗೆ ಹೇಳಿದೆ. "ಉಂಡಿದ್ದಾಳಾ?" ಅಂದಳು. ಅಷ್ಟು ಹೇಳಲು ತುಂಬಾ ಹೊತ್ತಾಯಿತು.

ಅಕ್ಕ


ಏಪ್ರಿಲ್ 26

ಅಕ್ಕಾ,

ಹಾಕಬೇಡ! ಫ್ಯೂಸ್ ಹಾಕಬೇಡ. ಫ್ಯೂಸ್ ಸುಮ್ಮಸುಮ್ಮನೆ ಸುಡುವುದಿಲ್ಲ, ಅದನ್ನು ಸುಟ್ಟವರು ಯಾರು ಅಂತ ಮೊದಲು ಹಿಡಿಯಬೇಕು.

ಆ ಓ ಎರಡು ಅಂದರೆ ಆಕ್ಸಿಜನ್. ಪಂಪಿಗೂ ಆ ಸೆನ್ಸರಿಗೂ ಒಂದೇ ಫ್ಯೂಸ್, ಎಲ್ಲ ಕಾರಿನಲ್ಲಿ ಹೀಗಿರುವುದಿಲ್ಲ. ಇದನ್ನು ನೋಡಿದ್ದೇ ಪತ್ರ ತೆಗೆದುಕೊಂಡು ಹೋಗಿ ಮೇಸ್ತ್ರಿಗೆ ತೋರಿಸಿದೆ. ಆತ ಕನ್ನಡಕ ಹಣೆಗೇರಿಸಿ ಹೇಳಿದ್ದು ಇಷ್ಟು: "ಸೆನ್ಸರ್ ಕೆಟ್ರೆ ಕಾರು ನಿಲ್ಲಲ್ಲ ಅಂತ ಊರೆಲ್ಲ ಸಾರ್ತಾ ಇದ್ದೆಯಲ್ಲಮ್ಮ. ಸೆನ್ಸರಿಗೆ ಹೋಗೋ ವೈರು ಕೆಟ್ರೆ? ಅದನ್ನ ಯಾರನ್ನಾದ್ರೂ ಕೇಳಿದ್ಯಾ?"

ಆ ಸೆನ್ಸರನ್ನು ಬೇಗ ಬಿಸಿ ಮಾಡಲು ಅದರೊಳಗೊಂದು ಪುಟ್ಟ ಹೀಟರ್ ಇದೆ. ಕೀ ತಿರುಗಿಸಿದ ತಕ್ಷಣ ಅದಕ್ಕೆ ಕರೆಂಟು ಹೋಗುತ್ತದೆ. ಆ ವೈರು ಎಲ್ಲಾದರೂ ಚರ್ಮ ಸುಲಿದು ಲೋಹಕ್ಕೆ ತಗುಲಿದರೆ ಫ್ಯೂಸ್ ಹೋಗುತ್ತದೆ, ಅದೇ ಫ್ಯೂಸಿನಲ್ಲಿರುವ ಪಂಪೂ ಸಾಯುತ್ತದೆ.

ಒಂದು ಗೋಣಿಚೀಲ ಹಾಸಿಕೊಂಡು, ಟಾರ್ಚ್ ಹಿಡಿದು, ಎಡಗಡೆಯಿಂದ ಕಾರಿನ ಕೆಳಗೆ ಇಣುಕು. ಸೈಲೆನ್ಸರ್ ಪೈಪಿನ ಮೇಲೆ ಒಂದು ಗುಬುಟು ಇದೆ, ಅದರಿಂದ ನಾಲ್ಕು ವೈರು ಹೊರಡುತ್ತವೆ. ಅವು ಎಲ್ಲಿ ಹೋಗುತ್ತವೆ, ಹೇಗಿವೆ, ಕಂಡದ್ದನ್ನು ಕಂಡ ಹಾಗೆ ಬರೆ.

"ಉಂಡಿದ್ದಾಳಾ" ಅಂದದ್ದನ್ನು ದಿನಕ್ಕೆ ನಾಲ್ಕು ಸಲ ಓದುತ್ತೇನೆ. ಉಂಡಿದ್ದೇನೆ ಅಂತ ಹೇಳು.

ಇಂತಿ,
ಚಿಣ್ಣಿ


ಮೇ 9

ಚಿಣ್ಣಿ,

ಈ ವಯಸ್ಸಿಗೆ ನನ್ನನ್ನು ಕಾರಿನ ಅಡಿಗೆ ಮಲಗಿಸಿದೆ. ಜಡೆಗೆ ಗ್ರೀಸು ಹತ್ತಿ ಎರಡು ದಿನ ಹೋಗಲಿಲ್ಲ. ಅಮ್ಮ ನೋಡಿ ನಕ್ಕಳು, ಬಾಯಿಯ ಒಂದೇ ಪಕ್ಕದಲ್ಲಿ.

ಕಂಡದ್ದನ್ನು ಬರೆಯುತ್ತೇನೆ. ನಾಲ್ಕು ವೈರನ್ನು ಒಟ್ಟು ಸೇರಿಸಿ ಕಪ್ಪು ಕೊಳವೆಯಂಥದ್ದರಲ್ಲಿ ಹಾಕಿದ್ದಾರೆ. ಅದು ಸಡಿಲವಾಗಿ ಜೋತುಬಿದ್ದಿದೆ, ಅಳತೆ ತಪ್ಪಿದ ಲಾಡಿಯ ಹಾಗೆ. ಜೋತುಬಿದ್ದ ಕಡೆ ಸೈಲೆನ್ಸರ್ ಪೈಪಿಗೆ ಅಂಟಿಕೊಂಡಿದೆ. ಒಂದು ಅಂಗುಲದಷ್ಟು ಕೊಳವೆ ಕರಗಿಹೋಗಿ ತಾಮ್ರ ಕಾಣುತ್ತದೆ. ಅದರಿಂದ ಗೇಣು ದೂರದಲ್ಲಿ, ಕಾರಿನ ಮೈಗೆ ಒಂದು ಪ್ಲಾಸ್ಟಿಕ್ ಕ್ಲಿಪ್ ಇದೆ. ಮುರಿದಿಲ್ಲ, ಚೆನ್ನಾಗಿದೆ, ಖಾಲಿ ಇದೆ. ವೈರನ್ನು ಎತ್ತಿ ಅದರಲ್ಲಿ ಕೂರಿಸಿ ನೋಡಿದೆ. ಟಕ್ ಅಂತ ಕೂತಿತು. ಅಲ್ಲಿ ಕೂತರೆ ಪೈಪಿಗೆ ತಾಗುವುದೇ ಇಲ್ಲ. ಹಾಗಿದ್ದರೆ ಅದು ಯಾಕೆ ಹೊರಗಿತ್ತು? ಇಲಿ ಎಳೆದಿರುತ್ತದೆಯೇ? ರಸ್ತೆಯ ಹಳ್ಳಕ್ಕೆ ಕಿತ್ತು ಬಂದಿರುತ್ತದೆಯೇ?

ನೋಡು, ನಾನು ಒಂದು ಮಾತು ಹೇಳುತ್ತೇನೆ. ಕೆಲವು ದಿನದಿಂದ ನನಗೆ ಸಿಟ್ಟು ಮಾಡಿಕೊಂಡಿರಲು ಆಗುತ್ತಿಲ್ಲ. ಇದು ನಿನ್ನಿಂದ ಆದದ್ದಲ್ಲ ಅಂತ ನೀನೊಂದು ಸಾಲು ಬರೆದರೆ ಸಾಕು, ನಾನು ನಂಬುತ್ತೇನೆ. ಮರುದಿನವೇ ಬಾ, ಅಮ್ಮನನ್ನು ನೋಡು.

ಅಕ್ಕ


ಮೇ 30

ಅಕ್ಕಾ,

ಇಲಿಯಲ್ಲ. ಹಳ್ಳವಲ್ಲ. ನಾನು.

ಮೂರು ವಾರದಿಂದ ಈ ಪತ್ರ ಬರೆದು ಹರಿಯುತ್ತಿದ್ದೇನೆ. ಒಂದು ಪತ್ರದಲ್ಲಿ ಇಲಿ ಅಂತಲೇ ಬರೆದಿದ್ದೆ. ಲಕೋಟೆಗೂ ಹಾಕಿದ್ದೆ. ಬಸ್ ನಿಲ್ದಾಣದ ಅಂಚೆಪೆಟ್ಟಿಗೆಯವರೆಗೂ ಹೋಗಿ ವಾಪಸ್ ತಂದೆ. ಅದನ್ನು ಹಾಕಿದ್ದರೆ ಇಷ್ಟು ಹೊತ್ತಿಗೆ ಅಮ್ಮನ ಪಕ್ಕ ಕೂತಿರುತ್ತಿದ್ದೆ. ಆದರೆ ಕೂತು ಅವಳ ಮುಖ ಹೇಗೆ ನೋಡಲಿ?

ಅವತ್ತು ನಾನು ಸೆನ್ಸರಿನ ಜೋಡಣೆ ಬಿಚ್ಚಿ ಒರೆಸಲು ವೈರನ್ನು ಕ್ಲಿಪ್ಪಿನಿಂದ ತೆಗೆದೆ. ವಾಪಸ್ ಜೋಡಿಸಿದೆ. ಮೆಷಿನ್ ಚುಚ್ಚಿ ಕೋಡ್ ಅಳಿಸಿದೆ, ಲೈಟು ಹೋಯಿತು. ಅಮ್ಮ ಕಿಟಕಿಯಿಂದ ಟೀ ತಣ್ಣಗಾಗುತ್ತೆ ಅಂತ ಕೂಗಿದಳು. ನಾನು ಎದ್ದು ಹೋದೆ. ವೈರನ್ನು ಕ್ಲಿಪ್ಪಿಗೆ ಹಾಕಲಿಲ್ಲ, ಅಕ್ಕಾ. ನೀನು ಟಕ್ ಅಂತ ಕೂತಿತು ಅಂತ ಬರೆದಿದ್ದೀಯಲ್ಲ, ಆ ಟಕ್ ಸದ್ದು ಅವತ್ತು ನಾನು ಕೇಳಿದ ನೆನಪೇ ಇಲ್ಲ. ವೈರು ದಿನಾ ಬಿಸಿ ಪೈಪಿಗೆ ತಾಗಿ ಸ್ವಲ್ಪಸ್ವಲ್ಪವೇ ಕರಗಿದೆ. ಎಂಟನೇ ದಿನಕ್ಕೆ ಲೈಟು ಹತ್ತಿದ್ದು ಅದಕ್ಕೇ. ಆ ದಿನ ಬೆಳಿಗ್ಗೆ ಎಂಜಿನ್ ಹತ್ತಿ ಒಂದು ಸಲ ಅಲುಗಿದೆ, ತಾಮ್ರ ಪೈಪಿಗೆ ತಾಗಿದೆ, ಫ್ಯೂಸ್ ಹೋಗಿದೆ. ಆ ಗುರ್ರ್ ಅಂದರೆ ಅದೇ.

ಕೆಟ್ಟ ಸೆನ್ಸರ್ ಕಾರನ್ನು ನಿಲ್ಲಿಸುವುದಿಲ್ಲ ಅಂತ ನಾನು ಹೇಳಿದ್ದು ನಿಜ. ಕಾರನ್ನು ನಿಲ್ಲಿಸಿದ್ದು ನಾನು ಅಂತ ನೀನು ಹೇಳಿದ್ದೂ ನಿಜ. ಬಾಗಿಲು ತೆಗೆಯಬೇಡ, ನಾನು ಇನ್ನು ಕೇಳುವುದಿಲ್ಲ. ಅಮ್ಮನ ಔಷಧಿ, ವ್ಯಾಯಾಮ ತಪ್ಪಿಸಬೇಡ.

ಇಂತಿ,
ಚಿಣ್ಣಿ


ಜೂನ್ 8

ಚಿಣ್ಣಿ,

ನೀನು ಇಲಿ ಅಂತ ಬರೆದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನನ್ನದು ನನ್ನಲ್ಲೇ ಇರುತ್ತಿತ್ತು.

ಗೇಟುರಾಯರು ಶೆಡ್ಡಿನ ಬಾಗಿಲಲ್ಲಿ ಕೇಳಿದ್ದು ಏನು ಗೊತ್ತಾ? "ಅವತ್ತು ಯಾಕಮ್ಮಾ ನಮ್ಮ ಬಾಗಿಲು ತಟ್ಟಲಿಲ್ಲ? ನಮ್ಮ ಕಾರು ಇಲ್ಲೇ ನಿಂತಿತ್ತಲ್ಲ."

ನಿಂತಿತ್ತು. ಬೀದಿಯ ಆಚೆ, ನಮ್ಮ ಗೇಟಿನ ಎದುರಿಗೇ ನಿಂತಿತ್ತು. ನಾನು ಕೀ ತಿರುಗಿಸುತ್ತಾ ಗಾಜಿನಲ್ಲಿ ಅದನ್ನೇ ನೋಡುತ್ತಿದ್ದೆ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಒಂದು ಗಂಟೆ ಆಗುತ್ತದೆ ಅಂದರು. ಹತ್ತು ಹೆಜ್ಜೆ ಹಾಕಿ ಅವರ ಬಾಗಿಲು ತಟ್ಟಿದ್ದರೆ ಮುಗಿದಿತ್ತು. ಆ ಮನುಷ್ಯನ ಮುಂದೆ ಕೈ ಚಾಚುವುದೇ ಅಂತ ಅನ್ನಿಸಿತು, ಚಿಣ್ಣಿ. ಅಮ್ಮ ಪಕ್ಕದಲ್ಲಿ ವಾಲಿಕೊಂಡು ಬಿದ್ದಿರುವಾಗ ನನಗೆ ಹಾಗನ್ನಿಸಿತು. ಈಗ ಹತ್ತುತ್ತದೆ, ಈಗ ಹತ್ತುತ್ತದೆ ಅಂತ ಅರ್ಧ ಗಂಟೆ ಸೆಲ್ಫ್ ಹೊಡೆದೆ. ಕೊನೆಗೆ ಆ ಸದ್ದು ಕೇಳಲಾರದೆ ಅವರೇ ಓಡಿಬಂದು ಅಮ್ಮನನ್ನು ಎತ್ತಿ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರಿಗೆ ನಾನು ಇದುವರೆಗೆ ಕೃತಜ್ಞತೆಯ ಒಂದು ಮಾತೂ ಹೇಳಿಲ್ಲ. ನಿನಗೆ ಆಂಬುಲೆನ್ಸ್ ಬಂತು ಅಂತ ಹೇಳಿದ್ದೆ.

ಯಾರ ಮೇಲಾದರೂ ತಪ್ಪು ಹಾಕಬೇಕಿತ್ತು ನನಗೆ. ನೀನು ಸಿಕ್ಕಿದೆ. ನೀನು ಒಂದು ಕ್ಲಿಪ್ ಮರೆತೆ. ನಾನು ಮರೆತಿರಲಿಲ್ಲ, ಎಲ್ಲ ಗೊತ್ತಿದ್ದೂ ಕೂತಿದ್ದೆ. ಈಗ ನನ್ನ ಮುಖ ನೋಡಬಾರದು ಅಂತ ನಿನಗನ್ನಿಸಿದರೆ ನ್ಯಾಯವೇ.

ಅಕ್ಕ


ಜೂನ್ 15

ಅಕ್ಕಾ,

ಸುಳ್ಳು ಹೇಳುವುದಿಲ್ಲ, ಒಂದು ಇಡೀ ದಿನ ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂತು. ಒಂಬತ್ತು ತಿಂಗಳು ನನ್ನನ್ನು ಬೀದಿಯಲ್ಲಿ ನಿಲ್ಲಿಸಿದೆಯಲ್ಲೇ ಅಂತ. ಆಮೇಲೆ ನೀನು ಆ ಸೀಟಿನಲ್ಲಿ ಒಬ್ಬಳೇ ಕೂತು ಕೀ ತಿರುಗಿಸುತ್ತಿರುವುದು ಕಣ್ಣಿಗೆ ಕಟ್ಟಿತು. ಅತ್ತುಬಿಟ್ಟೆ. ಮೇಸ್ತ್ರಿ ಗಾಬರಿಯಾಗಿ ನೀರು ತಂದುಕೊಟ್ಟರು.

ನೀನೂ ನಾನೂ ಕೂತು ಇದನ್ನು ಅರ್ಧ ನಿನಗೆ ಅರ್ಧ ನನಗೆ ಅಂತ ಹಂಚಿಕೊಳ್ಳುವುದು ಬೇಡ. ಹೋದದ್ದು ಅಮ್ಮನ ಮಾತು, ಅಮ್ಮನ ಕೈ. ಕ್ಲಿಪ್ಪಿನ ವಿಷಯ ಬರೆದ ನನ್ನ ಪತ್ರ, ಇದರ ಜೊತೆ ವಾಪಸ್ ಇಟ್ಟಿರುವ ನಿನ್ನ ಪತ್ರ, ಎರಡನ್ನೂ ಅವಳಿಗೆ ಓದಿ ಹೇಳು. ಏನೂ ಬಿಡದೆ ಓದು. ನನ್ನನ್ನು ಬರಬೇಡ ಅಂತ ಅವಳೇ ಹೇಳಲಿ, ಕೇಳುತ್ತೇನೆ.

ನಿನ್ನ,
ಚಿಣ್ಣಿ


ಜೂನ್ 24

ಚಿಣ್ಣಿ,

ಓದಿದೆ. ನಿನ್ನೆ ಮಧ್ಯಾಹ್ನ, ಊಟವಾದ ಮೇಲೆ, ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿ ಎರಡನ್ನೂ ಓದಿದೆ. ನನ್ನದನ್ನು ಓದುವಾಗ ಎರಡು ಸಲ ನಿಲ್ಲಿಸಿದೆ. ಅವಳು ಎಡಗೈಯಲ್ಲಿ ಕುರ್ಚಿಯ ತೋಳು ಬಡಿದು "ಓದು" ಅಂದಳು. ಓದಿ ಮುಗಿಸಿ ತಲೆ ತಗ್ಗಿಸಿ ಕೂತೆ. ಬೈಯಲಿ ಅಂತ ಕಾಯುತ್ತಿದ್ದೆ.

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಆಮೇಲೆ ಹೇಳಲು ಶುರು ಮಾಡಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಹಿಂದಿನ ದಿನ. ಸಂಜೆ. ಕೈ... ಜುಮ್ ಅಂತು."

ಯಾವ ಕೈ ಅಂತ ಕೇಳಿದೆ. ಮಡಿಲಲ್ಲಿದ್ದ ಬಲಗೈ ತೋರಿಸಿದಳು.

"ಅಂಗಡಿಯಿಂದ... ಬರ್ತಾ ಇದ್ದೆ. ಸ್ಟೇರಿಂಗ್ ಹಿಡಿಯಕ್ಕೆ... ಆಗ್ಲಿಲ್ಲ. ಒಂದೇ ಕೈಲಿ... ಮನೆಗೆ ತಂದೆ."

"ಯಾಕಮ್ಮಾ ಹೇಳಲಿಲ್ಲ?" ಅಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

"ಹೇಳಿದ್ರೆ... ಕೀ ಕಿತ್ಕೋತಿದ್ರಿ."

ಕಿತ್ತುಕೊಳ್ಳುತ್ತಿದ್ದೆ, ಚಿಣ್ಣಿ. ಆ ತಿಂಗಳೆಲ್ಲ ಅದನ್ನೇ ಹೇಳುತ್ತಿದ್ದೆ. ವಯಸ್ಸಾಯಿತು, ಇನ್ನೊಂದು ಸಲ ಗೋಡೆಗೆ ತಾಗಿಸಿದರೆ ಕೀ ಬಚ್ಚಿಡುತ್ತೇನೆ ಅಂತ ಹೆದರಿಸುತ್ತಿದ್ದೆ. ರಾತ್ರಿಯೆಲ್ಲ ಆ ಕೈಯನ್ನು ತಾನೇ ತಿಕ್ಕಿಕೊಂಡಳಂತೆ, ಬೆಳಿಗ್ಗೆ ಸರಿಹೋಗುತ್ತದೆ ಅಂದುಕೊಂಡಳಂತೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಬಿಸಿಲು ಕುರ್ಚಿಯಿಂದ ಗೋಡೆಗೆ ಹೋಗಿತ್ತು. ಅತ್ತಳು. ಕಾಯಿಲೆ ಬಿದ್ದ ಮೇಲೆ ಅವಳು ಅತ್ತದ್ದು ನಾನು ನೋಡಿದ್ದು ಇದೇ ಮೊದಲು. ನಾನೂ ಅವಳ ಮಡಿಲಿಗೆ ತಲೆಯಿಟ್ಟು ಅತ್ತೆ. ನಿನ್ನನ್ನು ಹೊರಗೆ ನಿಲ್ಲಿಸಿದಾಗೆಲ್ಲ ಅವಳು ಒಳಗಿಂದ ಕೂಗಲು ನೋಡುತ್ತಿದ್ದಳಂತೆ. ಮಾತು ಬರುತ್ತಿರಲಿಲ್ಲವಂತೆ. ನೀನು ಕೇಳಿಸಿಕೊಂಡದ್ದು ಕೆಮ್ಮಲ್ಲ.

ಒಂಬತ್ತು ತಿಂಗಳು ನಾನೂ ನೀನೂ ಕಾರಿಗೆ ಏನಾಯಿತು ಅಂತ ಕೇಳಿದೆವು. ಸೀಟಿಗೆ ಕಿವಿ ಕೊಟ್ಟು ಕೇಳಿದೆ, ಕೆಳಗೆ ಮಲಗಿ ನೋಡಿದೆ. ನಿನಗೇನಾಯಿತಮ್ಮಾ ಅಂತ ಅವಳನ್ನು ಒಬ್ಬಳೂ ಕೇಳಲಿಲ್ಲ. ಮಾತು ಬರುವುದಿಲ್ಲ ಅಂತ ನಾವೇ ತೀರ್ಮಾನ ಮಾಡಿದ್ದೆವು.

ಇವತ್ತು ಬೆಳಿಗ್ಗೆ ಎದುರುಮನೆಗೆ ಹೋಗಿ ಹೇಳಬೇಕಾದ ಮಾತು ಹೇಳಿ ಬಂದೆ. ವಾಪಸ್ ಬಂದಾಗ ಅಮ್ಮ ಎದ್ದು ಕೂತು ಕಾಯುತ್ತಿದ್ದಳು. ನಿನಗೆ ಏನು ಬರೆಯಲಿ ಅಂತ ಕೇಳಿದೆ. ಅವಳು ತಡೆತಡೆದು, ಒಂದೊಂದೇ ಮಾತು ಹುಡುಕಿ ಹೇಳಿದಳು.

"ಅವಳೂ... ನನ್ನ ಹಾಗೇ... ಒಬ್ಳೇ ಹೊತ್ಕೊಂಡಿದ್ಳಾ? ಸಾಕು. ಬರಕ್ಕೆ ಹೇಳು."

ಬಾ, ಚಿಣ್ಣಿ. ತಪ್ಪು ಯಾರದು ಅನ್ನುವುದು ಅಮ್ಮನಿಗೆ ಬೇಡವಂತೆ. ಅವಳಿಗೆ ನೀನು ಬೇಕು. ನನಗೂ ಬೇಕು.

ನಿನ್ನ,
ಅಕ್ಕ